ಮಾರುತೇಶನ ಕಡೇ ಚರಣ

ಮಾರುತೇಶ ಹಾಡುಗಾರ ಎಂಬುದು ಬಹಳ ದಿನ ಮಾರುತೇಶನೊಬ್ಬನಿಗೇ ಗೊತ್ತಿತ್ತು. ಹೊಳಲ್ಕೆರೆ ತಾಲ್ಲೂಕು, ತಾಳ್ಯ ಹೋಬಳಿಯ ಒಂದು ಊರು. ಹೆಸರು ಹೇಳಿದರೆ ಹೇಳಿದವನ ಮನೆ ಬಾಗಿಲಿಗೆ ಜಗಳ ಬರುತ್ತದೆ, ಬೇಡ. ಆ ಊರಿನ ಎ.ಕೆ. ಕಾಲೋನಿಯಲ್ಲಿ ಕಡೇ ಮನೆ ಅವನದು. ಹಾಡು ಬರೆಯುವವನು ಅವನೇ, ರಾಗ ಹಾಕುವವನು ಅವನೇ, ಹಾಡುವವನು ಅವನೇ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕತ್ತರಿಸಿ, ಅಂಟಿಸಿ ಯೂಟ್ಯೂಬಿಗೆ ಬಿಡುವವನೂ ಅವನೇ. ಬಿಟ್ಟ ಮೇಲೆ ನೋಡುವವನೂ ಅವನೇ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅನ್ನುತ್ತಾರೆ. ಇಲ್ಲಿ ತಾನೂ ಅವನೇ, ಮಗನೂ ಅವನೇ, ಆಳೂ ಅವನೇ. ಹಾಗಾಗಿ ಹಾಡು ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು.

ಸ್ಟುಡಿಯೋ ಅಂದರೆ ಕೌದಿ. ಬೇಸಿಗೆಯ ಮಧ್ಯಾಹ್ನ, ತಗಡಿನ ಮನೆಯೊಳಗೆ ಎರಡು ಕೌದಿ ತಲೆಗೆ ಹೊದ್ದು, ಒಳಗೆ ಫೋನು ಹಿಡಿದು ಹಾಡುತ್ತಿದ್ದ. ಹೀಗೆ ಮಾಡಿದರೆ ಹೊರಗಿನ ಸದ್ದು ಬರುವುದಿಲ್ಲವೆಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರು. ಹೊರಗಿನ ಸದ್ದು ನಿಂತಿತು. ಅವನ ಉಸಿರು ನಿಲ್ಲುವುದೊಂದು ಬಾಕಿ. ಮಗ ಬೇಸಿಗೆಯಲ್ಲಿ ಕೌದಿ ಹೊದ್ದು ನರಳುತ್ತಿದ್ದಾನೆ ಅಂದುಕೊಂಡು ಅವ್ವ ಓಬವ್ವ ಕಷಾಯ ಕಾಸಿ ತಂದಳು.

"ಜ್ವರ ಅಲ್ಲವ್ವ, ಹಾಡು," ಅಂದ ಒಳಗಿನಿಂದ.

"ಎರಡಕ್ಕೂ ಒಳ್ಳೇದು, ಕುಡಿ," ಅಂದಳು.

ಆ ಹಾಡಿನಲ್ಲಿ ಎರಡನೇ ಚರಣ ಮುಗಿದ ಮೇಲೆ ಈಗಲೂ ಅವಳ ಮಾತಿದೆ. ಅದನ್ನು ತೆಗೆಯುವುದು ಹೇಗೆಂದು ಅವನಿಗಾಗ ಗೊತ್ತಿರಲಿಲ್ಲ.

ಕೇಳುವವರೂ ಬೇಕಲ್ಲ. ಕಾಲೋನಿಯ ಹೆಂಗಸರ ಫೋನು ಇಸ್ಕೊಂಡು, ರೀಚಾರ್ಜ್ ಮಾಡಿಕೊಡುವ ನೆಪದಲ್ಲಿ ತನ್ನ ಚಾನೆಲ್ಲಿಗೆ ಅವರನ್ನೆಲ್ಲ ಸೇರಿಸಿದ. ಗಂಗಕ್ಕ, ಪಾರ್ವತಮ್ಮ, ಹೀಗೆ ಕಾಲೋನಿಯ ಅಜ್ಜಿಯರೆಲ್ಲ ತಮಗೇ ತಿಳಿಯದಂತೆ ಅವನ ಅಭಿಮಾನಿಗಳಾದರು. ಕಾಮೆಂಟು ಬರೆಯುವವರು ಯಾರೂ ಇಲ್ಲವೆಂದು 'ಸ್ವಾತಿ ಹೊಳಲ್ಕೆರೆ' ಅಂತ ಒಂದು ಹುಡುಗಿಯನ್ನೂ ಹುಟ್ಟಿಸಿದ. ಗುಲಾಬಿ ಹೂವಿನ ಫೋಟೋ ಹಾಕಿದ. ಸ್ವಾತಿ ಪ್ರತಿ ಹಾಡಿಗೂ 'ಸೂಪರ್ ವಾಯ್ಸ್' ಅಂತ ಬರೆಯುತ್ತಿದ್ದಳು. ಬೆಳಗ್ಗೆ ಎದ್ದು ಅದನ್ನು ಓದಿದರೆ ಅವನಿಗೆ ನಿಜಕ್ಕೂ ಖುಷಿಯಾಗುತ್ತಿತ್ತು. ಬರೆದದ್ದು ತಾನೇ ಎಂಬುದು ಹಲ್ಲುಜ್ಜಿದ ಮೇಲೆ ನೆನಪಾಗುತ್ತಿತ್ತು.

ಇಷ್ಟು ಪಾಡು ಯಾಕೆ ಅಂದರೆ ಅವನಿಗೆ ತಮಟೆ ಬರುತ್ತಿರಲಿಲ್ಲ. ಮಾದಿಗರ ಮನೆಯಲ್ಲಿ ಹುಟ್ಟಿ, ಅದರಲ್ಲೂ ಜಂಪಣ್ಣನ ಮಗನಾಗಿ ಹುಟ್ಟಿ ತಮಟೆ ಬಾರದು ಅಂದರೆ ನಂಬುವವರು ಯಾರು? ಜಂಪಣ್ಣನ ಕೈ ಅಂಥದ್ದು. ರಾಮಗಿರಿ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಮಗ ಚಿಕ್ಕವನಿದ್ದಾಗ ಒಮ್ಮೆ ಹೆಣದ ಮುಂದೆ ಬಡಿಯಲು ಬಿಟ್ಟಿದ್ದ. ಹೆಣ ಹೊತ್ತವರ ಹೆಜ್ಜೆಯೇ ತಪ್ಪಿಹೋಯಿತು. ಜಂಪಣ್ಣ ತಮಟೆ ಕಿತ್ತುಕೊಂಡು, "ಸತ್ತೋನಾದ್ರೂ ನೆಮ್ಮದಿಯಾಗಿ ಹೋಗ್ಲಿ ಬಿಡಲೇ," ಅಂದಿದ್ದ.

ಒಮ್ಮೆ ಧೈರ್ಯ ಮಾಡಿ ಚಿತ್ರದುರ್ಗದ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಹೋದ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಮಾಲೀಕರು ಮೊದಲು ಊರು ಕೇಳಿದರು. ಆಮೇಲೆ ಊರಿನಲ್ಲಿ ಯಾವ ಕಡೆ ಮನೆ ಅಂತ ಕೇಳಿದರು. ಆಮೇಲೆ ಅಪ್ಪನ ಕೆಲಸ ಕೇಳಿದರು. ಹಾಡು ಯಾವುದೆಂದು ಮಾತ್ರ ಕೇಳಲಿಲ್ಲ.

"ತಮಟೆ ತಂದಿಲ್ವಾ?" ಅಂದರು.

"ತಮಟೆ ಬರಲ್ಲ ಸಾರ್. ನಾನು ಹಾಡು ಕಟ್ತೀನಿ."

"ತಮಾಷೆ ಮಾಡಬ್ಯಾಡಪ್ಪ. ನಿಮ್ಮೋರಿಗೆ ಅದು ರಕ್ತದಾಗೇ ಐತೆ."

ಗೋಡೆಗೆ ಅಂದಕ್ಕೆ ನೇತುಹಾಕಿದ್ದ ತಮಟೆಯನ್ನು ಇಳಿಸಿ ಕೊಟ್ಟರು. ಇವನು ಬಡಿದ. ಮಾಲೀಕರು ಸ್ವಲ್ಪ ಹೊತ್ತು ಕೇಳಿ, ತಾವೇ ಇಸ್ಕೊಂಡು ಮತ್ತೆ ಗೋಡೆಗೆ ಹಾಕಿದರು. ರಕ್ತಪರೀಕ್ಷೆಯಲ್ಲಿ ಫೇಲಾಗಿ ಮಾರುತೇಶ ಬಸ್ಸು ಹತ್ತಿ ವಾಪಸ್ಸು ಬಂದ. ನಗು ಬಂತು. ಮೈಯೆಲ್ಲ ಉರಿಯಿತು ಕೂಡ.

ತಾಳ ಅವನಿಗೆ ಹತ್ತಿದ್ದು ರಕ್ತದಿಂದಲ್ಲ. ಮೋಲ್ಡ್ ಕೆಲಸದಿಂದ.

ಮೋಲ್ಡ್, ಅಂದರೆ ತಾರಸಿ, ಹಾಕುವ ದಿನ ಕಾಂಕ್ರೀಟು ಕಲೆಸುವ ಮಿಷನ್ನು ಶುರುವಾದರೆ ಮುಗಿಯುವ ತನಕ ನಿಲ್ಲುವಂತಿಲ್ಲ. ನೆಲದಿಂದ ಮೇಲಿನ ತನಕ ಸಾರವೆಯ ಮೇಲೆ ಒಬ್ಬರ ತಲೆ ಮೇಲೊಬ್ಬರು ಸಾಲಾಗಿ ನಿಲ್ಲಬೇಕು. ಕೆಳಗಿನವನು ತುಂಬಿದ ಬಾಂಡ್ಲಿ ಎತ್ತಿಕೊಡುತ್ತಾನೆ. ಇಸ್ಕೊಂಡು ಮೇಲಿನವನಿಗೆ ಕೊಡಬೇಕು. ಕೊಟ್ಟ ಕೈಯಲ್ಲೇ ಖಾಲಿ ಬಾಂಡ್ಲಿ ಹಿಡಿದು ಕೆಳಕ್ಕೆ ಬಿಡಬೇಕು. ಅಷ್ಟರಲ್ಲಿ ಇನ್ನೊಂದು ತುಂಬಿದ್ದು ಬಂದಿರುತ್ತದೆ. ಒಬ್ಬ ಒಂದು ಉಸಿರು ತಡ ಮಾಡಿದರೆ ಇಡೀ ಸಾಲು ಎಡವುತ್ತದೆ. ಮಾರುತೇಶ ಮೊದಲ ದಿನವೇ ತಡ ಮಾಡಿದ. ಬಾಂಡ್ಲಿ ಎದೆಗೆ ಬಡಿದು ಹಸಿ ಕಾಂಕ್ರೀಟು ಅಂಗಿಯೊಳಗೆ ಇಳಿಯಿತು. ಸಿಮೆಂಟು ಹೊಟ್ಟೆಯ ಚರ್ಮ ತಿಂದಿತು. ತೊಳೆಯಲು ಹೋಗುವಂತಿಲ್ಲ, ಸಾಲು ಬಿಡುವಂತಿಲ್ಲ. ಸಂಜೆ ಹೊತ್ತಿಗೆ ಉಗುರಿನ ಸಂದಿನಲ್ಲಿ ರಕ್ತ ಜಿನುಗುತ್ತಿತ್ತು. ಅಪ್ಪನ ಬೈಗುಳ ಕಲಿಸದ ತಾಳವನ್ನು ಸಿಮೆಂಟು ಒಂದೇ ಬೇಸಿಗೆಯಲ್ಲಿ ಕಲಿಸಿತು.

ಆ ಸಾಲಿನಲ್ಲೇ ಹಾಡು ಹುಟ್ಟಿತು. ಊರಿನ ರಂಗನಾಥಸ್ವಾಮಿಯ ಹಳೇ ಗುಡಿ ಕೆಡವಿ ಹೊಸದು ಕಟ್ಟುತ್ತಿದ್ದರು. ಕೆಲಸಕ್ಕೆ ಕಾಲೋನಿಯವರೇ. ತುಂಬಿದ ಬಾಂಡ್ಲಿ ಬಂದಾಗ ಒಂದು ಸದ್ದು, ಖಾಲಿಯದು ಬಂದಾಗ ಇನ್ನೊಂದು ಸದ್ದು. ಅದರ ಮೇಲೆ ಮಾರುತೇಶ ಮಾತು ಕೂರಿಸಿದ:

ತಗೋ ಅಣ್ಣ ಬಾಂಡ್ಲಿ, ಕೊಡು ಅಣ್ಣ ಬಾಂಡ್ಲಿ
ಮುಗಿಲಿಗೆ ಮೆಟ್ಟಿಲು ನಮ್ಮ ಹೆಗಲ ಮ್ಯಾಲಿ

ಕಡೇ ಚರಣದಲ್ಲಿ ತನ್ನ ಹೆಸರು ಹಾಕಿದ. ಅದು ಅಹಂಕಾರವಲ್ಲ, ನಮ್ಮ ಕಡೆಯ ಪದ್ಧತಿ. ಕೋಲಾಟದ ಪದದವರು, ಭಜನೆಯವರು, ತತ್ವಪದದವರು ಎಲ್ಲರೂ ಹಾಡು ಮುಗಿಸುವ ಮುಂಚೆ ಕಟ್ಟಿದವನ ಹೆಸರು ಹೇಳಿಯೇ ಮುಗಿಸುತ್ತಾರೆ. ಹೊಲಕ್ಕೆ ಬದು ಇದ್ದ ಹಾಗೆ. ಇವನು ಹೀಗೆ ಕಟ್ಟಿದ:

ಕಾಲೋನಿ ಓಬವ್ವನ ಹೊಟ್ಟೇಲಿ ಹುಟ್ಟಿದೆ
ಜಂಪಣ್ಣನ ಹೆಗಲೇರಿ ಊರ ನೋಡಿದೆ
ಬಾಂಡ್ಲಿ ಹೊತ್ತೆನೋ, ಗುಡಿಯ ಕಟ್ಟಿದೆನೋ
ಹೆಸರ ಕೇಳಿದರೆ ಮಾರುತೇಶ ನಾನು

ಕೌದಿಯ ಸ್ಟುಡಿಯೋ ಈ ಹಾಡಿಗೆ ಸಾಲದು ಅನ್ನಿಸಿತು. ಗರ್ಭಗುಡಿಯ ಮೋಲ್ಡು ಆಗ ತಾನೇ ಒಣಗಿತ್ತು. ಬಾಗಿಲು ಕೂರಿಸಿರಲಿಲ್ಲ. ಒಳಗೆ ಕೆಮ್ಮಿದರೂ ಅಷ್ಟು ಚೆಂದ ಕೇಳುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಮಾರುತೇಶ ಒಳಗೆ ಹೋಗಿ, ದೇವರು ಕೂರುವ ಕಟ್ಟೆಯ ಮೇಲೆ ತಾನು ಕೂತು, ಮುಂದೆ ಖಾಲಿ ಬಾಂಡ್ಲಿ ಬೋರಲು ಹಾಕಿಕೊಂಡು ಬಡಿಯುತ್ತ ಹಾಡಿದ. ಒಂದೇ ಸಲಕ್ಕೆ ಬಂತು. ಅವನ ಜನ್ಮದಲ್ಲಿ ಒಂದೇ ಸಲಕ್ಕೆ ಸರಿಯಾಗಿ ಬಂದದ್ದು ಅದೊಂದೇ.

ಆಮೇಲೆ ವಿಗ್ರಹ ಕೂರಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕಾಂಪೌಂಡಿನ ಗೇಟು ಕಾಲೋನಿಗೆ ಮುಚ್ಚಿತು. ಬೋರ್ಡು ಹಾಕಿರಲಿಲ್ಲ. ಹಾಕಿದರೆ ಕೇಸಾಗುತ್ತದೆ. ಬೋರ್ಡಿಲ್ಲದೆಯೂ ಎಲ್ಲರಿಗೂ ಓದಲು ಬರುತ್ತಿತ್ತು. ಗೋಪುರದ ತುದಿಯ ತನಕ ಹತ್ತಿಳಿದವರು ಈಗ ರಸ್ತೆಯಲ್ಲಿ ನಿಂತು ಕೈ ಮುಗಿಯಬೇಕು.

ಹಾಡು ಯೂಟ್ಯೂಬಿನಲ್ಲಿ ಬಿದ್ದುಕೊಂಡಿತ್ತು. ಗಂಗಕ್ಕ, ಪಾರ್ವತಮ್ಮ, ಸ್ವಾತಿ. ಅಷ್ಟೇ ಜನ. ಅಷ್ಟರಲ್ಲಿ ಸ್ವಾತಿಗೆ ಒಂದು ಮೆಸೇಜು ಬಂತು. ಕಳಿಸಿದವನು ಚೇತನ್‌ಕುಮಾರ್. ಗುಡಿ ಕಮಿಟಿಯ ಅಧ್ಯಕ್ಷ ಹನುಮಂತಯ್ಯನವರ ಮಗ. ಚೇತನ್ ನೋಡಲು ಚೆನ್ನಾಗಿದ್ದ. ಅದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. 'ಹಾಯ್ ಸ್ವಾತಿ, ನಾನೂ ಹೊಳಲ್ಕೆರೆ ಸೈಡೇ' ಅಂತ ಬರೆದಿದ್ದ.

ಮಾರುತೇಶ ಮೊದಲು ಹೆದರಿದ. ಆಮೇಲೆ ಅವನೊಳಗಿನ ಕಲಾವಿದ ಎದ್ದು ಕೂತ. 'ಬಾಂಡ್ಲಿ ಹಾಡಿಗೆ ನೀವೊಂದು ರೀಲ್ಸ್ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ' ಅಂತ ಸ್ವಾತಿ ಬರೆದಳು. ಸ್ವಂತ ಕಾಲ ಮೇಲೆ ನಿಲ್ಲುವ ಹಾಡುಗಾರನ ದುಡಿಮೆ ಎಲ್ಲಿಗೆ ಬಂತು ನೋಡಿ. ಹಗಲೆಲ್ಲ ಬಾಂಡ್ಲಿ ಹೊತ್ತು, ಸಂಜೆ ಸ್ವಾತಿಯಾಗಿ ಯಜಮಾನರ ಮಗನ ಹತ್ತಿರ ನಾಚಿಕೊಳ್ಳಬೇಕು.

ಚೇತನ್ ರೀಲ್ಸ್ ಮಾಡಿದ. ಕಪ್ಪು ಕನ್ನಡಕ ಹಾಕಿ, ಹೊಸ ಗುಡಿಯ ಮುಂದೆ, ಹೊಚ್ಚಹೊಸ ಬಾಂಡ್ಲಿ ಹಿಡಿದು, 'ತಗೋ ಅಣ್ಣ ಬಾಂಡ್ಲಿ' ಅಂತ ಮೊದಲೆರಡು ಸಾಲಿಗಷ್ಟೇ ತುಟಿ ಆಡಿಸಿದ. ಅದು ಹಿರಿಯೂರು, ಹೊಸದುರ್ಗ ದಾಟಿ ಎಲ್ಲೆಲ್ಲೋ ಹೋಯಿತು. ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆ ಮನೆಯಲ್ಲಿ ಅದೇ ಹಾಡು. ಚೇತಣ್ಣನ ಹಾಡು ಅಂತಲೇ ಹೆಸರಾಯಿತು. ಮಾರುತೇಶನಿಗೆ ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು. ಎರಡನ್ನೂ ಹೇಳಿಕೊಳ್ಳಲು ಸ್ವಾತಿ ಬಿಟ್ಟರೆ ಯಾರಿದ್ದರು?

ಗೋಪುರಕ್ಕೆ ಕಳಸ ಇಡುವ ದಿನ ಗೊತ್ತಾಯಿತು. ಹನುಮಂತಯ್ಯನವರು ಮಾರುತೇಶನನ್ನು ಮನೆಗೆ ಕರೆಸಿದರು. ಮನೆಗೆ ಅಂದರೆ ಮನೆಯ ಮುಂದಿನ ಅಂಗಳಕ್ಕೆ. ಅವರು ಜಗಲಿಯ ಮೇಲೆ, ಇವನು ಬಿಸಿಲಲ್ಲಿ. ಒಳಗಿನಿಂದ ಕಾಫಿ ಬಂತು. ಅವರಿಗೆ ಸ್ಟೀಲ್ ಲೋಟ, ಇವನಿಗೆ ಪೇಪರ್ ಲೋಟ. ಪೇಪರ್ ಲೋಟ ಬಂದ ಮೇಲೆ ಊರಿನಲ್ಲಿ ಎಲ್ಲರೂ ಬಹಳ ಉದಾರಿಗಳಾಗಿದ್ದಾರೆ.

"ಏನಪ್ಪ ಮಾರುತೇಶ, ಹಾಡು ಬಾಳ ಚೆನ್ನಾಗಿ ಕಟ್ಟೀಯ," ಅಂದರು. "ಕಳಸದ ದಿನ ಗುಡಿ ಮುಂದೆ ಸ್ಟೇಜ್ ಹಾಕಿಸ್ತೀವಿ. ಬೆಂಗ್ಳೂರಿಂದ ಮ್ಯೂಸಿಕ್ ಕಂಪನಿಯೋರು ಒಬ್ರು ಬರ್ತಾರೆ, ನಮಗೆ ಬೇಕಾದೋರು. ಚೇತನ್ ಹಾಡ್ತಾನೆ."

"ಚೇತಣ್ಣ ಹಾಡ್ತಾರಾ?"

"ಅವ್ನೆಲ್ಲಿ ಹಾಡ್ತಾನೆ. ಬಾಯಿ ಆಡಿಸ್ತಾನೆ. ನೀನು ಹಿಂದ್ಗಡೆ ಜನರೇಟರ್ ವ್ಯಾನಿನಾಗೆ ಕುಂತು ಮೈಕಿನಾಗೆ ಹಾಡ್ಬೇಕು."

"ರೆಕಾರ್ಡೇ ಹಾಕ್ಬೌದಲ್ಲ ಯಜಮಾನ್ರೆ."

"ಬೆಂಗ್ಳೂರೋನು ಪಳಗಿದೋನು. ರೆಕಾರ್ಡ್ ಅಂದ್ರೆ ಕಂಡ್‌ಹಿಡಿತಾನೆ. ಜೀವಂತ ಉಸಿರು ಕೇಳ್ಬೇಕು. ಉಸಿರು ನಿಂದು ಇರ್ಲಿ, ಮುಖ ನಮ್ಮುಡುಗುಂದು ಇರ್ಲಿ." ಕಾಫಿ 'ಸೊರ್' ಅಂತ ಹೀರಿದರು. "ಮತ್ತೆ ಆ ಕಡೇ ಚರಣ ಬದ್ಲಾಯಿಸ್ಬೇಕು. ಗುಡಿ ಮುಂದೆ ಕಾಲೋನಿ, ಓಬವ್ವ ಅಂತೆಲ್ಲ ಬ್ಯಾಡ. ಓಬವ್ವ ಅನ್ನೋ ಕಡೆ ಭೂಮ್ತಾಯಿ ಹಾಕು. ಜಂಪಣ್ಣ ಅನ್ನೋ ಕಡೆ ಭಗವಂತ ಹಾಕು. ಕಡೀಕೆ 'ಮಾರುತೇಶ ನಾನು' ಅಂತ ಐತಲ್ಲ, ಅಲ್ಲಿ 'ರಂಗನಾಥ ನೀನು' ಅನ್ನು. ರಾಗಕ್ಕೂ ಕೂರ್ತೈತೆ, ನಾನೇ ಹಾಡಿ ನೋಡೀನಿ."

ಕೂರುತ್ತಿತ್ತು, ನಿಜ. ಒಂದೇ ಏಟಿಗೆ ಅವ್ವನಿಗೆ ಭೂಮಿತಾಯಿಯಾಗಿ ಬಡ್ತಿ, ಅಪ್ಪನಿಗೆ ಭಗವಂತನಾಗಿ ಬಡ್ತಿ. ಮಗನಿಗೆ ಮಾತ್ರ ವರ್ಗಾವಣೆ.

"ಯಜಮಾನ್ರೆ, ನಾನು ಆ ಹಾಡು ಹಾಡಿದ್ದೇ ನಿಮ್ಮ ಗರ್ಭಗುಡಿಯಾಗೆ ಕುಂತು," ಅಂದ ಮಾರುತೇಶ.

ಹನುಮಂತಯ್ಯನವರಿಗೆ ಸಿಟ್ಟು ಬರಲಿಲ್ಲ. "ಗೊತ್ತಪ್ಪ. ಆವಾಗ ಅದು ಕಟ್ಟಡ. ಈಗ ದೇವಸ್ಥಾನ," ಅಂದರು. "ಪ್ರೋಗ್ರಾಂ ಮುಗಿದ್ಮೇಲೆ ಬೆಂಗ್ಳೂರೋನಿಗೆ ನಿನ್ನೂ ಪರಿಚಯ ಮಾಡಿಸ್ತೀನಿ. ಗೇಟಿನತ್ರ."

ಮಾರುತೇಶ ಏನಂದ? ಥೂ ಅಂದನಾ? ಪೇಪರ್ ಲೋಟ ಎಸೆದು ಬಂದನಾ? ಇಲ್ಲ. "ಎಕೋ ಸ್ವಲ್ಪ ಜಾಸ್ತಿ ಇಡ್ಸಿ ಯಜಮಾನ್ರೆ," ಅಂದ. ಇಡೀ ಊರಿಗೆ ಕೇಳುವಂಥ ಬಾಕ್ಸುಗಳಲ್ಲಿ ತನ್ನ ದನಿ ಬರುತ್ತದೆ ಅಂತ ಆಸೆ. ಕೌದಿಯೊಳಗೆ ಹಾಡಿದವನಿಗೆ ವ್ಯಾನೇ ವೈಕುಂಠ. ಹಿಂದೆ ಕೂತು ಹಾಡುವವರೂ ದೊಡ್ಡ ದೊಡ್ಡ ಗಾಯಕರೇ ಅಲ್ಲವಾ ಅಂತ ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದ.

ಮನೆಯಲ್ಲಿ ಹೇಳಿದಾಗ ಓಬವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಅವ್ರ ಗುಡಿಗೆ ನಮ್ಮ ಕೈ ಬೇಕು, ಹೆಸ್ರು ಬ್ಯಾಡ," ಅಂದಳು. "ಭೂಮ್ತಾಯಿ ಅಂತೆ. ಅದ್ಕೇ ಎಲ್ರೂ ತುಳೀತಾರೆ."

ಜಂಪಣ್ಣ ಹೊಸ್ತಿಲ ಹತ್ತಿರ ಕೂತಿದ್ದ. ಅವನು ತಮಟೆ ಬಿಟ್ಟು ವರ್ಷಗಳಾಗಿದ್ದವು. ಭುಜ ಮೇಲಕ್ಕೆ ಎತ್ತಲಾಗುತ್ತಿರಲಿಲ್ಲ.

"ಈ ಊರಾಗೆ ಯಾವ ಹೆಣ ಎದ್ರೂ, ಯಾವ ದೇವ್ರು ಎದ್ರೂ ಮುಂದೆ ನಾನೇ ಇದ್ದೆ," ಅಂದ. "ಒಬ್ನಾದ್ರೂ ನನ್ನ ಹೆಸ್ರಿಡಿದು ಕರೀಲಿಲ್ಲ. 'ಏ ತಮಟೆ, ಮುಂದೆ ನಡಿ' ಅನ್ನೋರು. ತಮಟೆಗೆ ಇರೋ ಹೆಸ್ರು ನನಗಿರಲಿಲ್ಲ. ನೀನು ಹಾಡಿನಾಗೆ ಜಂಪಣ್ಣ ಅಂದಿಯಲ್ಲ, ನಿಮ್ಮವ್ವನ ಫೋನ್ ಇಸ್ಕಂಡು ಅದೊಂದನ್ನೇ ತಿರುಗ ತಿರುಗ ಹಾಕ್ಕಂಡು ಕೇಳಿದ್ದೆ." ಭುಜ ನೀವಿಕೊಂಡು, "ಹೋಗ್ಲಿ ಬಿಡು. ನಿನಗೊಂದು ದಾರಿ ಆಗೋದಾದ್ರೆ ಹಾಡು," ಅಂದ.

ಬೈದಿದ್ದರೆ ಒಳ್ಳೆಯದಿತ್ತು. ಮಾರುತೇಶನಿಗೆ ಆ ಮಾತು ನುಂಗಲಾಗಲಿಲ್ಲ. ಆದರೂ ಒಪ್ಪಿಕೊಂಡಾಗಿತ್ತು. ಕಲಾವಿದರು ಕೊಟ್ಟ ಮಾತು ತಪ್ಪುವುದಿಲ್ಲ ಅಂತ ಎಲ್ಲೋ ಕೇಳಿದ್ದ. ಕಲಾವಿದ ಆಗಿಲ್ಲದಿದ್ದರೂ ಅದೊಂದನ್ನು ಪಾಲಿಸಿದ.

ಕಳಸದ ದಿನ ಬೆಳಗ್ಗೆಯೇ ಸುಡು ಬಿಸಿಲು. ಹೊಸದುರ್ಗದ ಸೌಂಡ್ ಸಿಸ್ಟಂ ಮಂಜಣ್ಣ, ಮಾರುತೇಶನನ್ನು ಹಿಂದಿನ ಸಣ್ಣ ಗೇಟಿನಿಂದ, ವ್ಯಾನಿನ ಒಳಗೆ ಮಲಗಿಸಿಕೊಂಡೇ ಕಾಂಪೌಂಡಿನೊಳಕ್ಕೆ ತಂದ. ಹೀಗೆ ನಮ್ಮ ಹಾಡುಗಾರ ತಾನೇ ಕಟ್ಟಿದ ಗುಡಿಯ ಆವರಣಕ್ಕೆ ವೈರಿನ ಸುರುಳಿಗಳ ಅಡಿಯಲ್ಲಿ ಪ್ರವೇಶ ಮಾಡಿದ. ವ್ಯಾನಿನ ಒಂದು ಪಕ್ಕ ಜನರೇಟರು ಕುದಿಯುತ್ತಿತ್ತು. ಡೀಸೆಲ್ ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ಟಾರ್ಪಾಲಿನ ಒಂದು ಸೀಳಿನಿಂದ ಸ್ಟೇಜು ಕಾಣುತ್ತಿತ್ತು. ಅದರಾಚೆ ಕಾಂಪೌಂಡ್ ಗೋಡೆ. ಗೋಡೆಯಾಚೆ, ಕಟ್ಟಡಕ್ಕೆ ತಂದು ಮಿಕ್ಕಿದ ಜಲ್ಲಿಯ ಗುಡ್ಡೆ. ಅದರ ಮೇಲೆ ಹತ್ತಿ ನಿಂತಿದ್ದರು ಕಾಲೋನಿಯವರು. ಮುಂದೆಯೇ ಜಂಪಣ್ಣ, ಪಕ್ಕದಲ್ಲಿ ತಲೆಗೆ ಸೆರಗು ಹೊದ್ದ ಓಬವ್ವ.

"ರೆಡಿ ಏನಪ್ಪ?" ಅಂದ ಮಂಜಣ್ಣ. ಅವನಿಗೆ ಇವನ ಹೆಸರೂ ಗೊತ್ತಿರಲಿಲ್ಲ. ವೈರು ಜೋಡಿಸಿದ, ಬಡಿಯಲು ಒಂದು ಬಾಂಡ್ಲಿ ಮುಂದಿಟ್ಟ, ಮೈಕು ಕೈಗೆ ಕೊಟ್ಟ.

ಚೇತನ್ ರೇಷ್ಮೆ ಪಂಚೆ ಉಟ್ಟು ಸ್ಟೇಜಿಗೆ ಬಂದ. ಕೈಯಲ್ಲಿ ವೈರಿಲ್ಲದ ಮೈಕು, ಅದಕ್ಕೆ ಬ್ಯಾಟರಿಯೂ ಇಲ್ಲ. ಮುಂದಿನ ಸಾಲಿನಲ್ಲಿ ಬೆಂಗಳೂರಿನವನು, ಪಕ್ಕದಲ್ಲಿ ಹನುಮಂತಯ್ಯನವರು. ಮಾರುತೇಶ ಎತ್ತಿಕೊಂಡ. ಅವನ ದನಿ ಬಾಕ್ಸುಗಳಿಂದ ಹೊರಟು ಗೋಪುರಕ್ಕೆ ಬಡಿದು ಅವನ ಕಿವಿಗೇ ವಾಪಸ್ಸು ಬಂತು. ಇದು ನಾನೇನಾ ಅನ್ನಿಸಿತು. ಜನ ಎದ್ದು ಕುಣಿದರು. ಚೇತನ್ ಚೆನ್ನಾಗಿಯೇ ತುಟಿ ಆಡಿಸಿದ. ಪಾಪ, ದಿನಗಟ್ಟಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಲಿತಿದ್ದ. ಕಲಿಯಲು ಇದ್ದದ್ದು ಮಾರುತೇಶನ ಅದೇ ಹಳೇ ರೆಕಾರ್ಡು. ಹೊಸ ಚರಣವನ್ನು ಅಪ್ಪ ಬಾಯಲ್ಲಿ ಹೇಳಿಕೊಟ್ಟಿದ್ದರು, ಅಷ್ಟೇ. ಕಡೇ ಚರಣಕ್ಕೆ ದೇವರ ಕಡೆ ತಿರುಗಿ, ಕಣ್ಣು ಮುಚ್ಚಿ, ಕೈ ಮುಗಿಯಬೇಕು ಅಂತಲೂ ಹೇಳಿದ್ದರು.

ಮೊದಲ ಚರಣ ಹೋಯಿತು. ಎರಡನೆಯದೂ ಹೋಯಿತು. ಕಡೇ ಚರಣಕ್ಕೆ ಮುಂಚೆ ಬಾಂಡ್ಲಿಯ ಬಡಿತ ಮಾತ್ರ ಸ್ವಲ್ಪ ಹೊತ್ತು ಬರುತ್ತದೆ. ಮಾರುತೇಶ ಒಂದು ಕೈಯಲ್ಲಿ ಬಾಂಡ್ಲಿ ಬಡಿಯುತ್ತ ಸೀಳಿನಿಂದ ನೋಡಿದ. ಜಲ್ಲಿ ಗುಡ್ಡೆಯ ಮೇಲೆ ಎಲ್ಲರೂ ಕುಣಿಯುತ್ತಿದ್ದರು. ಜಂಪಣ್ಣ ಮಾತ್ರ ಇಳಿಯುತ್ತಿದ್ದ. ಜಾರುವ ಜಲ್ಲಿಯ ಮೇಲೆ ಒಂದು ಕೈ ಊರಿ, ನೋಯುವ ಭುಜ ಹಿಡಿದುಕೊಂಡು, ಬೆನ್ನು ಮಾಡಿ ಇಳಿಯುತ್ತಿದ್ದ. ಮುಂದಿನ ಸಾಲು ಯಾವುದೆಂದು ಅವನಿಗೆ ಗೊತ್ತಿತ್ತು. ಅದು ಕಿವಿಗೆ ಬೀಳುವ ಮೊದಲು ದೂರ ಹೋಗಬೇಕಿತ್ತು.

ಮಾರುತೇಶ ಬಾಂಡ್ಲಿಯನ್ನು ಇನ್ನೂ ಜೋರಾಗಿ ಬಡಿದ. ನಾಚಿಕೆಯಾಯಿತು. ಅಪ್ಪನನ್ನು ಅಪ್ಪನ ಹೆಸರಿದ್ದ ಹಾಡಿನಿಂದಲೇ ಓಡಿಸುತ್ತಿರುವವನು ಹನುಮಂತಯ್ಯನಲ್ಲ, ತಾನು. ಉಸಿರೆಳೆದುಕೊಂಡ. ಮೈಕನ್ನು ಬಾಯಿಗೆ ಹತ್ತಿರ ಹಿಡಿದ. ಹೊಗೆಯೂ ಒಳಗೆ ಹೋಯಿತು, ಹೋಗಲಿ. ಹಾಡಿದ:

ಕಾಲೋನಿ ಓಬವ್ವನ ಹೊಟ್ಟೇಲಿ ಹುಟ್ಟಿದೆ

ಚೇತನ್ ದೇವರ ಕಡೆ ತಿರುಗಿದ್ದ. ಕಣ್ಣು ಮುಚ್ಚಿದ್ದ. ಕೈ ಮುಗಿದಿದ್ದ. ಕಿವಿಗೆ ಹಳೇ ಸಾಲು ಬಿದ್ದೊಡನೆ ತುಟಿ ತಾನೇ ಹೊರಟಿತು. ಕಲಿತದ್ದೇ ಅದು. ಊರಿನ ಯಜಮಾನರ ಮಗ, ರೇಷ್ಮೆ ಪಂಚೆ ಉಟ್ಟು, ರಂಗನಾಥಸ್ವಾಮಿಯ ಎದುರು ಆಣೆ ಇಡುವವನಂತೆ ನಿಂತು, ತಾನು ಎ.ಕೆ. ಕಾಲೋನಿಯ ಓಬವ್ವನ ಹೊಟ್ಟೆಯಲ್ಲಿ ಹುಟ್ಟಿದವನು ಅಂದ. ಜಂಪಣ್ಣನ ಹೆಗಲೇರಿ ಊರು ನೋಡಿದವನು ಅಂದ. ಬಾಂಡ್ಲಿ ಹೊತ್ತೆ, ಗುಡಿ ಕಟ್ಟಿದೆ ಅಂದ. ಹೆಸರ ಕೇಳಿದರೆ ಮಾರುತೇಶ ನಾನು ಅಂದ. ತಪ್ಪಿಲ್ಲದೆ, ತಾಳ ಬಿಡದೆ, ಭಕ್ತಿಯಿಂದ ಅಂದ.

ಕುಣಿಯುತ್ತಿದ್ದವರು ನಿಂತರು. ಪೂಜಾರಿಯ ಕೈಯ ಗಂಟೆ ನಿಂತಿತು. ಕಣ್ಣು ಬಿಟ್ಟ ಚೇತನ್ ಎಲ್ಲರೂ ಯಾಕೆ ಸುಮ್ಮನಾದರು ಅಂತ ತಿಳಿಯದೆ ಚಪ್ಪಾಳೆಗೆ ಕಾದ. ಗೋಡೆಯಾಚೆ ಮೊದಲು ಒಬ್ಬಳು ನಕ್ಕಳು. ಓಬವ್ವನೇ. "ಇದ್ಯಾವಾಗ ಹೆತ್ತೆನವ್ವ ನಾನು," ಅಂದಳು. ಆಮೇಲೆ ಜಲ್ಲಿ ಗುಡ್ಡೆಗೆ ಗುಡ್ಡೆಯೇ ನಕ್ಕಿತು. ನಗು ಗೋಡೆ ಹಾರಿ ಒಳಗೂ ಬಂತು. ಹಿಂದಿನ ಸಾಲಿನ ಯಾರೋ, "ಯಜಮಾನ್ರೆ, ಏನಿದು ಸಮಾಚಾರ? ನಿಮ್ಮುಡುಗ ಯಾವ ಕೇರಿಯೋನು?" ಅಂತ ಕೇಳಿಯೇಬಿಟ್ಟ.

ಹನುಮಂತಯ್ಯನವರು ಮಡಿಯಲ್ಲಿದ್ದರು. ಒದ್ದೆ ಪಂಚೆ ಎತ್ತಿಕಟ್ಟಿ ವ್ಯಾನಿನ ಹತ್ತಿರ ಓಡಿ ಬಂದು ಟಾರ್ಪಾಲು ಎಳೆದರು. ಕೈ ಎತ್ತಿದರು. ಹೊಡೆದರೆ ಮೈಲಿಗೆ, ಕಳಸ ಇಡಲು ಇವರ ಕೈಯೇ ಆಗಬೇಕು. ಎತ್ತಿದ ಕೈ ಅಲ್ಲೇ ನಿಂತಿತು.

"ಹೆಸ್ರು ಹೇಳಬ್ಯಾಡ ಅಂದಿದ್ನಲ್ಲಲೇ."

"ನಾನೆಲ್ಲಿ ಹೇಳ್ದೆ ಯಜಮಾನ್ರೆ?" ಅಂದ ಮಾರುತೇಶ. "ನಾನು ವ್ಯಾನಿನಾಗೇ ಇದೀನಿ. ಹೇಳಿದ್ದು ನಿಮ್ಮ ಮಗ. ದೇವರ ಮುಂದೆ ಕೈ ಮುಗ್ದು ಹೇಳ್ಯಾರೆ. ಊರೇ ನೋಡೈತೆ."

"ಬಾಯಿ ಮುಚ್ಚು. ಅದು ಅವನ ದನಿ ಅಲ್ಲ."

"ಹಂಗಾದ್ರೆ ಯಾರದ್ದು ಅಂತ ಹೇಳಿಬಿಡ್ರಿ."

ಹನುಮಂತಯ್ಯನವರು ಎತ್ತಿದ ಕೈ ಇಳಿಸಿದರು. ಮಗನ ಸುಳ್ಳು ಉಳಿಸಿಕೊಂಡರೆ ಮಗನ ಜಾತಿ ಹೋಗುತ್ತದೆ. ಜಾತಿ ಉಳಿಸಿಕೊಂಡರೆ ಸುಳ್ಳು ಹೋಗುತ್ತದೆ. ಯಾವುದು ಉಳಿಯಬೇಕು ಎಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಸ್ಟೇಜು ಹತ್ತಿ, ನಿರೂಪಣೆಗೆ ಇಟ್ಟಿದ್ದ ಮೈಕು ಹಿಡಿದು, ಬೆವರು ಒರೆಸಿಕೊಳ್ಳುತ್ತ ಊರಿಗೆಲ್ಲ ಕೇಳುವಂತೆ ಹೇಳಿದರು:

"ಬಂಧುಗಳೇ, ಯಾರೂ ತಪ್ಪು ತಿಳ್ಕಬ್ಯಾಡ್ರಿ. ಈಗ ಹಾಡಿದ್ದು ನನ್ನ ಮಗ ಅಲ್ಲ. ಹಾಡಿದ್ದು ಎ.ಕೆ. ಕಾಲೋನಿ ಜಂಪಣ್ಣನ ಮಗ ಮಾರುತೇಶ. ಹಾಡು ಕಟ್ಟಿದ್ದೂ ಅವನೇ. ಜಂಪಣ್ಣನ ಮಗ. ನಮ್ಮ ಮನೆಗೂ ಅದಕ್ಕೂ ಸಂಬಂಧ ಇಲ್ಲ."

ಯೂಟ್ಯೂಬು, ಕೌದಿ, ಗಂಗಕ್ಕನ ಫೋನು, ಸ್ವಾತಿ, ಇಷ್ಟೆಲ್ಲ ಸೇರಿ ಮಾಡಲಾಗದ್ದನ್ನು ಹನುಮಂತಯ್ಯನವರು ಒಂದೇ ಉಸಿರಿನಲ್ಲಿ ಮಾಡಿದರು. ಬೆಂಗಳೂರಿನವನು ಎದ್ದು ನಿಂತು, ಆ ಹುಡುಗನನ್ನು ಸ್ಟೇಜಿಗೆ ಕರೆಸಿ ಅಂದ. ಕಮಿಟಿಯವರು ಮುಖ ಮುಖ ನೋಡಿಕೊಂಡರು. ಸ್ವಲ್ಪ ಹೊತ್ತಿಗೆ ಮಂಜಣ್ಣ ಸುದ್ದಿ ತಂದ. ಇನ್ನೊಂದು ಸಲ ಹಾಡಬೇಕಂತೆ. ಹೆಸರು ಬೇಕಾದರೆ ಹಾಕಿಕೊಳ್ಳಬಹುದಂತೆ. ಆದರೆ ವ್ಯಾನಿನಲ್ಲೇ ಕೂತು.

ಮಾರುತೇಶನ ಕೈಯಲ್ಲಿದ್ದ ಮೈಕು ಇನ್ನೂ ಆಫ್ ಆಗಿರಲಿಲ್ಲ. ಅದನ್ನು ಬಾಯಿಗೆ ಹಿಡಿದ.

"ಇಲ್ಲಿ ಇನ್ನ ಹಾಡಲ್ಲ," ಅಂದ. "ಕದ್ದು ತಂದು ಕೂರ್ಸಿದ್ದಕ್ಕೆ ಕದ್ದು ಹಾಡ್ದೆ, ನಾಚ್ಕೆ ಇಲ್ದೋನು ನಾನು. ಇನ್ನ ಸಾಕು. ನನ್ನ ಮುಖ ನೋಡ್ಕಂಡು ಕೇಳೋರು ಗೇಟಿಂದ ಈಚೆ ಬರ್ರಿ. ಜಲ್ಲಿ ಗುಡ್ಡೆ ಹತ್ರ ಇರ್ತೀನಿ."

ಮೈಕನ್ನು ಮಂಜಣ್ಣನ ಕೈಗಿಟ್ಟು ಇಳಿದ. ಹಿಂದಿನ ಸಣ್ಣ ಗೇಟಿನ ಕಡೆ ಹೋಗಲಿಲ್ಲ. ಸ್ಟೇಜಿನ ಮುಂದೆ, ಜನರ ನಡುವೆ, ದೊಡ್ಡ ಗೇಟಿನ ಕಡೆಗೇ ನಡೆದ. ಮಡಿಯಲ್ಲಿದ್ದವರು ಮೈ ಸೋಕೀತೆಂದು ಸರಿದರು. ದಾರಿ ಸಲೀಸಾಯಿತು. ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಎಷ್ಟು ಜನವೋ, ಬೆಂಗಳೂರಿನವನು ಬಂದನೋ ಇಲ್ಲವೋ ಅವನು ತಿರುಗಿ ನೋಡಲಿಲ್ಲ. ಗಳಿಗೆಗೊಮ್ಮೆ ಫೋನು ತೆಗೆದು ಎಷ್ಟು ಜನ ನೋಡಿದರೆಂದು ಎಣಿಸುತ್ತಿದ್ದ ಮನುಷ್ಯ ಇವನೇ.

ಜಂಪಣ್ಣ ಮತ್ತೆ ಗುಡ್ಡೆ ಹತ್ತುತ್ತಿದ್ದ. ಜಲ್ಲಿ ಜಾರುತ್ತಿತ್ತು. ಓಬವ್ವ ರಟ್ಟೆ ಹಿಡಿದುಕೊಂಡಿದ್ದಳು. ತುದಿ ಮುಟ್ಟಿ, ಏದುಸಿರು ಬಿಡುತ್ತ ಮಗನ ಕಡೆ ನೋಡಿದ.

"ಲೇ, ಮೊದಲಿಂದ ಹಾಡು," ಅಂದ. "ಹೆಸ್ರು ಬರೋಗಂಟ ನಾನು ಇಳಿಯಲ್ಲ."